ಪ್ರೊಸೆಸರಿಗೆ ಹೊಚ್ಚಿದ ಕೌದಿ

ಆಗ ನನಗೆ ಐವತ್ತೆಂಟು. ಇದಾಗಿ ಹದಿನೇಳು ವರ್ಷವಾಯಿತು. ಮೊನ್ನೆ ನನ್ನ ಸೊಸೆ ರತ್ನಾ ಚಹಾ ಕುಡಿಯುತ್ತ, “ಅತ್ತೀ, ಮತ್ತ ಹೊಸಾ ಪ್ರೊಸೆಸರ್ ಬಂದೈತಂತ್ರಿ. ಈಗಿಂದು ಹಳೇದಾತು. ತಗೊಳ್ಳೋಣೋ ಬ್ಯಾಡೋ?” ಎಂದು ಕೇಳಿದಳು. ಕೇಳಿದ್ದೇ ತಡ, ನನ್ನ ಮೂಗಿನೊಳಗೆ ಮೆಣಸಿನಕಾಯಿಯ ಘಾಟು ಬಂದ ಹಾಗಾಯಿತು. ಒಲೆಯ ಮೇಲೆ ಒಗ್ಗರಣೆಯೂ ಇರಲಿಲ್ಲ. ನಗಬೇಡಿ. ನನ್ನ ಮಟ್ಟಿಗೆ ಪ್ರೊಸೆಸರ್ ಎಂಬ ಮಾತಿಗೂ ಆ ಘಾಟಿಗೂ ನಂಟಿದೆ. ಹೇಳುತ್ತೇನೆ, ಕುಳಿತುಕೊಳ್ಳಿ.

ನಾನು ಓದಿದ್ದು ಎರಡನೇ ಇಯತ್ತೆ. ಅದೂ ಪೂರ್ತಿ ಅಲ್ಲ. ಬರೆದರೆ ಕಾಗೆಕಾಲು ಗುಬ್ಬಿಕಾಲು. ಇದನ್ನು ರತ್ನಾ ತಿದ್ದಿ ಟೈಪ್ ಮಾಡುತ್ತಾಳೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಎಂದು ಹೇಳಿದ್ದೇನೆ. ಅವಳ ಬಗ್ಗೆ ನಾನು ಬರೆದದ್ದನ್ನು ಅವಳೇ ಟೈಪ್ ಮಾಡಬೇಕು ಎಂಬುದು ಸ್ವಲ್ಪ ವಿಚಿತ್ರವೇ. ಮಾಡಲಿ.

ನಮ್ಮ ಮನೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಮಾರುಕಟ್ಟೆಯಿಂದ ಎರಡು ಓಣಿ ಈಚೆ. ಮುಂದಿನ ಕೋಣೆಯಲ್ಲಿ ರತ್ನಾಳ ಕಂಪ್ಯೂಟರು ಮತ್ತು ಪ್ರಿಂಟರು. ಲಗ್ನಪತ್ರಿಕೆ, ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ ಇಂಥವನ್ನು ಟೈಪ್ ಮಾಡಿ ಕೊಡುತ್ತಿದ್ದಳು. ನಡುಮನೆಯಲ್ಲಿ ನನ್ನ ಕೆಲಸ. ವ್ಯಾಪಾರಿಗಳು ಚೀಲಗಟ್ಟಲೆ ಮೆಣಸಿನಕಾಯಿ ಕಳಿಸುತ್ತಿದ್ದರು. ನಾನೂ ಎಂಟು ಹತ್ತು ಹೆಂಗಸರೂ ಕುಳಿತು ತೊಟ್ಟು ಮುರಿದು ಕೊಡುತ್ತಿದ್ದೆವು. ಎರಡು ಕೋಣೆಗಳ ನಡುವೆ ಒಂದು ಬಾಗಿಲು. ಅದನ್ನು ಯಾರೂ ಹಾಕಿದ್ದು ನನಗೆ ನೆನಪಿಲ್ಲ.

ಬೇರೆ ಊರಿನವರು ಬ್ಯಾಡಗಿಯಲ್ಲಿ ಬಸ್ಸಿಳಿದ ಕೂಡಲೇ ಸೀನಲು ಶುರುಮಾಡುತ್ತಾರೆ. ನಮಗೆ ಸೀನು ಬರುವುದಿಲ್ಲ. ಹುಟ್ಟಿದಾಗಿನಿಂದ ಅದೇ ಗಾಳಿ. ಸುಗ್ಗಿಯಲ್ಲಿ ನಮ್ಮ ಗೋಡೆ ಮೊಳದೆತ್ತರ ಕೆಂಪಾಗುತ್ತಿತ್ತು. ಬಿಳಿ ಬೆಕ್ಕಿನ ಕಾಲು ನಾಲ್ಕೂ ಕೆಂಪು. ಅದನ್ನು ನೋಡಿಯೂ ಮನೆಯಲ್ಲಿ ಎಷ್ಟು ಧೂಳಿದೆ ಎಂಬ ಅಂದಾಜು ನಮಗಿರಲಿಲ್ಲ. ಸೀನು ಬಂದರೆ ತಾನೇ ಅಂದಾಜು!

ಕಂಪ್ಯೂಟರು ಮನೆಗೆ ಬಂದ ದಿನವೇ ನಾನು ಅದಕ್ಕೆ ಕೌದಿ ಹೊಲಿಯಲು ಕುಳಿತಿದ್ದೆ. ಬೆಲೆಬಾಳುವ ಸಾಮಾನನ್ನು ಮುಚ್ಚಿಡಬೇಕು ಎಂಬುದು ನಾನು ಕಲಿತ ಬುದ್ಧಿ. ನನ್ನ ಗಂಡನ ರೇಡಿಯೋಕ್ಕೆ ಗವಸಣಿಗೆ ಹಾಕಿದ್ದೆ. ಟೀವಿಗೆ ಹಾಕಿದ್ದೆ, ಮಿಕ್ಸರಿಗೂ ಹಾಕಿದ್ದೆ. ಅವರು ತೀರಿಕೊಂಡ ಮೇಲೂ ಆ ರೇಡಿಯೋ ಹನ್ನೆರಡು ವರ್ಷ ಬಾಳಿತು. ಹಾಗಾಗಿ ಹಳೆ ಸೀರೆ, ಹಳೆ ಧೋತರ ಕೂಡಿಸಿ ಐದು ಪದರ ಹಾಕಿ, ಒತ್ತೊತ್ತಾಗಿ ದಾರ ಓಡಿಸಿ, ಮೇಜಿನ ಕೆಳಗಿದ್ದ ಕಂಪ್ಯೂಟರಿನ ಡಬ್ಬಿಗೆ ಅಂಗಿಯಂತೆ ಒಂದು ಕೌದಿ ಮಾಡಿದೆ. ಗುಂಡಿ ಒತ್ತಲು ಒಂದು ತೂತು, ವೈರು ಹೋಗಲು ಒಂದು ತೂತು. ಚೆಂದವೇ ಆಗಿತ್ತು.

“ಅತ್ತೀ, ಅದಕ್ಕ ಗಾಳಿ ಬೇಕ್ರಿ,” ಎಂದಳು ರತ್ನಾ.

“ಗಾಳಿ ಜೋಡಿ ಧೂಳೂ ಹೊಕ್ಕೈತಿ. ಮುಚ್ಚಿರ್‍ಲಿ.”

ಅವಳು ಎರಡು ಸಲ ತೆಗೆದಳು. ನಾನು ಎರಡು ಸಲ ಹೊಚ್ಚಿದೆ. ಮೂರನೆಯ ಸಲ ಅವಳು ತೆಗೆಯಲಿಲ್ಲ. ಹೊಸದಾಗಿ ಬಂದ ಸೊಸೆ. ನಾನಾದರೂ ಆ ವಯಸ್ಸಿನಲ್ಲಿ ನನ್ನ ಅತ್ತೆಗೆ ಎದುರಾಡಿರಲಿಲ್ಲ.

ಬಂದ ಹೊಸದರಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ಬರಬರುತ್ತ ನಿಧಾನವಾಯಿತು. ನಾನು ನಡುಮನೆಯಲ್ಲಿ ಕುಳಿತಲ್ಲಿಂದ ಕಾಣುವುದು ರತ್ನಾಳ ಬೆನ್ನು ಮತ್ತು ಅವಳ ಎರಡು ಕೈ. ಕೈ ಒಂದಿಷ್ಟು ಆಡುತ್ತಿದ್ದವು, ನಿಲ್ಲುತ್ತಿದ್ದವು. ಮತ್ತೆ ಆಡುತ್ತಿದ್ದವು, ನಿಲ್ಲುತ್ತಿದ್ದವು. ಅವಳು ಒಂದು ಲಗ್ನಪತ್ರಿಕೆ ಮುಗಿಸುವುದರೊಳಗೆ ನಮ್ಮ ಹೆಂಗಸರು ಒಂದು ಚೀಲ ಮುಗಿಸಿ ಚಹಾಕ್ಕೆ ಏಳುತ್ತಿದ್ದರು. ಹುಡುಗಿಯ ಕೈ ಮಂದ ಎಂದು ನಾನು ಲೆಕ್ಕ ಹಾಕಿಬಿಟ್ಟೆ.

ಅವಳ ದೊಡ್ಡ ಕೆಲಸವೆಂದರೆ ರಾಣೇಬೆನ್ನೂರಿನ ಒಂದು ಶಾಲೆಯದು. ಪ್ರಶ್ನೆಪತ್ರಿಕೆಯನ್ನು ಅದೇ ಊರಲ್ಲಿ ಟೈಪ್ ಮಾಡಿಸಿದರೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ ಎಂದು ಅವರು ಬ್ಯಾಡಗಿಗೆ ತಂದು ಕೊಡುತ್ತಿದ್ದರು. ಲಗ್ನಪತ್ರಿಕೆ ಬರುವುದು ಮುಹೂರ್ತ ಇದ್ದಾಗ ಮಾತ್ರ. ಆ ಶಾಲೆಯ ಕೆಲಸ ಇದ್ದರೆ ರತ್ನಾಳ ಅಂಗಡಿ ಇತ್ತು, ಇಲ್ಲದಿದ್ದರೆ ಇಲ್ಲ. ಆ ವರ್ಷ ಸಂಕ್ರಾಂತಿಯ ನಂತರದ ಪರೀಕ್ಷೆಗೆ ಪತ್ರಿಕೆ ಒಂದು ದಿನ ತಡವಾಯಿತು. ಶಾಲೆಯ ದೊಡ್ಡ ಅಕ್ಕೋರು, ಅಂದರೆ ಮುಖ್ಯ ಶಿಕ್ಷಕಿ, ತಾವೇ ಜೀಪು ಮಾಡಿಕೊಂಡು ಬಂದರು. ಜೊತೆಗೆ ಇನ್ನಿಬ್ಬರು ಅಕ್ಕೋರು. ಮೂವರೂ ಮೂಗಿಗೆ ಸೆರಗು ಹಿಡಿದು ನಿಂತಿದ್ದರು.

“ಏನವಾ ರತ್ನಾ, ನಾಳೆ ಪರೀಕ್ಷೆ. ಇನ್ನೂ ವಿಜ್ಞಾನದ್ದು ಆಗಿಲ್ಲಂದ್ರ ಹೆಂಗ?” ಎಂದು ದೊಡ್ಡ ಅಕ್ಕೋರು ಕೇಳಿದರು. ನನ್ನ ಕಡೆ ತಿರುಗಿ, “ನಿಮ್ಮ ಸೊಸಿ ಕೈ ಬಾಳ ನಿಧಾನ ಐತಲ್ರಿ ಯಜಮಾನ್ತಿ,” ಎಂದರು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. “ಹೌದ್ರಿ ಅಕ್ಕೋರ, ಆಕಿ ಕೈನ ಹಂಗ. ರೊಟ್ಟಿ ಬಡಿಯಾಕ ಕುಂತ್ರ ಹಂಚು ಮೂರು ಸಲ ಆರ್‍ತೈತಿ!” ಎಂದೆ. ಅಕ್ಕೋರು ಮೂವರೂ ನಕ್ಕರು. ನಮ್ಮ ಹೆಂಗಸರೂ ನಕ್ಕರು. ರತ್ನಾ ಪ್ರಿಂಟರಿನಿಂದ ಹಾಳೆ ಎಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ. ರೊಟ್ಟಿಯ ಮಾತು ಸುಳ್ಳು. ಅವಳು ನನಗಿಂತ ಬೇಗ ಬಡಿಯುತ್ತಾಳೆ. ನಗಿಸಲು ಹೇಳಿದ್ದು.

“ವಾರ್ಷಿಕ ಪರೀಕ್ಷೆದು ಬ್ಯಾರೆ ಕಡೆ ಕೊಡ್ತೀವಿ. ಹೊಸಾ ಮಷೀನ್ ತಗೊಂಡು ಕೈ ಚುರುಕ ಮಾಡ್ಕೋ. ಆಮ್ಯಾಲೆ ನೋಡೋಣ,” ಎಂದು ಹೇಳಿ ಅವರು ಹೋದರು.

ರತ್ನಾ ಬಾಗಿಲಲ್ಲಿ ನಿಂತು ನನಗೆ ಒಂದೇ ಮಾತು ಹೇಳಿದಳು. “ಅತ್ತೀ, ಅಂಗಡಿ ಮುಚ್ಚಿದ್ರೂ ನಾ ತೊಟ್ಟು ಮುರಿಯಾಕ ಕುಂದ್ರೂದಿಲ್ರಿ.” ತೊಟ್ಟು ಮುರಿಯುವುದರಲ್ಲಿ ಏನು ತಪ್ಪಿದೆ ಎಂದು ನನಗೆ ಹೊಳೆಯಲಿಲ್ಲ. ನಾನು ಅದನ್ನೇ ಮಾಡಿ ಮನೆ ನಡೆಸಿದವಳು.

ಮೂರು ದಿನ ಮನೆಯಲ್ಲಿ ಹೊಸ ಮಷೀನಿನದೇ ಚರ್ಚೆ. ನನ್ನ ಮಗ ಮಾರುಕಟ್ಟೆಯಲ್ಲಿ ತೂಕದ ಕೆಲಸ ಮಾಡುವವನು. “ನನಗೇನ ಗೊತ್ತಾಗ್ತೈತಿ, ನೀವ ನೋಡ್ಕೋರಿ,” ಎಂದು ಕೈತೊಳೆದುಕೊಂಡ. ಕಂಪ್ಯೂಟರು ಕೊಟ್ಟಿದ್ದ ಹಾವೇರಿಯ ಸಲೀಮನಿಗೆ ರತ್ನಾ ಫೋನು ಹಚ್ಚಿದಳು. ನಮ್ಮದರೊಳಗಿನ ಪ್ರೊಸೆಸರು ಪಿ-ಫೋರ್ ಅಂತೆ. ಅದರ ಕಾಲ ಮುಗಿಯಿತಂತೆ. ಈಗ ಡ್ಯುವಲ್ ಕೋರ್ ಎಂಬ ಹೊಸ ಪೀಳಿಗೆ ಬಂದಿದೆಯಂತೆ.

“ಅದರಾಗ ಎರಡು ತಲಿ ಇರ್‍ತಾವಂತ್ರಿ ಅತ್ತೀ. ಒಂದು ಈ ಕೆಲಸ ಮಾಡಿದ್ರ ಇನ್ನೊಂದು ಆ ಕೆಲಸ ಮಾಡ್ತೈತಂತ.”

“ಒಂದು ತಲಿ ಇದ್ದವರನ್ನ ಸಂಭಾಳಸಾಕ ನನಗ ಆಗವಲ್ದು. ಎರಡು ತಲೀದು ತಂದು ಎಲ್ಲಿ ಕಟ್ಟಲಿ?”

ಎಲ್ಲಿ ಕಟ್ಟುವುದು ಎಂಬ ಮಾತು ಸುಮ್ಮನೆ ಬರಲಿಲ್ಲ. ಹೊಸದು ಬೇಕೆಂದರೆ ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಮಾರಬೇಕಿತ್ತು. ಮೋಟೆಬೆನ್ನೂರಿನವನೊಬ್ಬ ಎರಡು ಸಲ ಬಂದು ಅದರ ಹಲ್ಲು ನೋಡಿ ಹೋಗಿದ್ದ. ನಾನು ಹೇಳಿದೆ: ಎಮ್ಮೆಯನ್ನು ಕೊಳ್ಳುವವನು ಹಲ್ಲು ನೋಡುತ್ತಾನೆ. ನಾನೂ ಆ ಪ್ರೊಸೆಸರನ್ನು ಕಣ್ಣಾರೆ ನೋಡಿದ ಮೇಲೆಯೇ ಹೂಂ ಅನ್ನುತ್ತೇನೆ. ಹಳೆಯದನ್ನೂ ಒಯ್ಯೋಣ, ಬದಲಿಗೆ ತೆಗೆದುಕೊಂಡರೆ ತೆಗೆದುಕೊಳ್ಳಲಿ.

ಹಾವೇರಿಯ ಬಸ್ಸಿನಲ್ಲಿ ಆ ಡಬ್ಬಿಯನ್ನು ಕೌದಿ ಸಮೇತ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಕಂಡಕ್ಟರು ಬಗ್ಗಿ ನೋಡಿ, “ಏನಬೇ ಆಯೀ, ಕೂಸನ?” ಎಂದ.

“ಕೂಸಾಗಿದ್ರ ಅಳ್ತಿತ್ತೋ ತಮ್ಮಾ. ಇದು ಅಳೂದಿಲ್ಲ, ಮಲಗೂದಿಲ್ಲ, ಬರೇ ಕಾಯಸ್ತೈತಿ.”

“ಹಂಗಾದ್ರ ಲಗೇಜ್ ಟಿಕೆಟ್ ತಗೋ,” ಎಂದ ಹಾದರಗಿತ್ತಿಯ ಮಗ.

ಸಲೀಮ ಹೊಸ ಪ್ರೊಸೆಸರನ್ನು ಒಂದು ಸಣ್ಣ ಪೊಟ್ಟಣದಿಂದ ತೆಗೆದು ನನ್ನ ಅಂಗೈಯಲ್ಲಿಟ್ಟ. ನಾನು ದಂಗಾದೆ. ನಾಲ್ಕು ಮೂಲೆಯ ಒಂದು ಬಿಸ್ಕೀಟು. ಅದೂ ಸಣ್ಣ ಬಿಸ್ಕೀಟು. ತಿರುಗಿಸಿ ನೋಡಿದೆ, ಒಂದು ತಲೆಯೂ ಕಾಣಲಿಲ್ಲ.

“ಇಷ್ಟನೋ ತಮ್ಮಾ?”

“ಇಷ್ಟರೀ ಅಮ್ಮಾ. ಎಲ್ಲಾ ವಿಚಾರ ಮಾಡೂದು ಅದನ.”

ನಾಲ್ಕು ಕಾಲು, ಎರಡು ಕೊಂಬು, ಹೊತ್ತಿಗೆ ಮೂರು ಸೇರು ಹಾಲು ಕೊಡುವ ಎಮ್ಮೆ. ಅದನ್ನು ಕೊಟ್ಟು ಇದನ್ನು ತರಬೇಕು. ನನಗೆ ನೀರು ಬೇಕೆನಿಸಿತು.

“ತಡೀರಿ, ಹಳೇದು ಬಿಚ್ಚಿ ನೋಡೋಣ,” ಎಂದು ಸಲೀಮ ಕೌದಿ ಸರಿಸಿ ಡಬ್ಬಿಯ ಮಗ್ಗುಲಿನ ತಗಡು ಎಳೆದ. ಎಳೆದವನು ಹಿಂದಕ್ಕೆ ಜಿಗಿದು ಸೀನಿದ. ಮತ್ತೆ ಸೀನಿದ. ಪಕ್ಕದಲ್ಲಿ ಮೊಬೈಲು ನೋಡುತ್ತಿದ್ದ ಗಿರಾಕಿಗಳಿಬ್ಬರು ಸೀನುತ್ತ ರಸ್ತೆಗೆ ಓಡಿದರು. ಸೀನದೆ ನಿಂತವರು ರತ್ನಾ ಮತ್ತು ನಾನು, ಇಬ್ಬರೇ.

ಬಗ್ಗಿ ನೋಡಿದೆ. ಒಳಗೆ ಒಂದು ಫ್ಯಾನಂತೆ. ಫ್ಯಾನು ಎಲ್ಲಿದೆ? ಕೆಂಪು ಉಣ್ಣೆಯ ಉಂಡೆಯೊಂದು ಇತ್ತು. ಮೆಣಸಿನಕಾಯಿ ಪುಡಿ ಮತ್ತು ಕೌದಿಯ ನೂಲು ಕೂಡಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಸಲೀಮ ಚಿಮಟದಿಂದ ಹಿಡಿದೆಳೆದರೆ ಅದು ಇಡಿಯಾಗಿ ಎದ್ದುಬಂತು. ನಾಲ್ಕು ಹೊತ್ತಿನ ಸಾರಿಗೆ ಆಗುವಷ್ಟು ಖಾರ.

“ಇದಕ್ಕ ವಯಸ್ಸಾಗಿಲ್ರಿ,” ಎಂದ ಅವನು ಕಣ್ಣೊರೆಸಿಕೊಳ್ಳುತ್ತ. “ಇದಕ್ಕ ಉಸಿರು ಕಟ್ಟೈತಿ. ಒಳಗ ಕಾಯ್ದು ಕಾಯ್ದು, ಸುಟ್ಟು ಹೋಗಬಾರ್ದಂತ ತಾನ ನಿಧಾನ ಮಾಡ್ಕೊಂಡೈತಿ. ಹೊಸಾದು ಒಯ್ದ್ರೂ ನಿಮ್ಮ ಮನ್ಯಾಗ ಇದ ಗತಿ. ಯಾರ್‍ರೀ, ಮಷೀನಿಗೆ ಕೌದಿ ಹೊಚ್ಚಿದ ಶಾಣ್ಯಾ?”

ನಾನು ಬಾಯಿ ತೆರೆದೆ. ಮಾತು ಹೊರಡುವ ಮೊದಲೇ ರತ್ನಾ, “ನಾನರೀ ಸಲೀಮಣ್ಣ. ನನಗ ಗೊತ್ತಾಗ್ಲಿಲ್ಲ,” ಎಂದಳು.

ಎಮ್ಮೆಯ ಬದಲಿಗೆ ಬಿಸ್ಕೀಟು ಕಂಡಾಗ ದಂಗಾಗಿದ್ದೆ, ಹೌದು. ಇದು ಅದಲ್ಲ. ಕಿವಿ ಗುಂಯ್ ಎಂದಿತು. ಸಲೀಮ ಅವಳಿಗೆ ಬೈಯುತ್ತಲೇ ಇದ್ದ: ಕೋರ್ಸು ಮಾಡಿದಾಕಿ, ಇಷ್ಟೂ ತಿಳೀಲಿಲ್ಲೇನವಾ ಎಂದು. ಅವಳು ಹೂಂ ರೀ, ಹೂಂ ರೀ ಎನ್ನುತ್ತ ನಿಂತಿದ್ದಳು. ನಾನು ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದೆ ಎಂದು ಇಲ್ಲಿ ಬರೆದರೆ ಟೈಪ್ ಮಾಡುವವಳಿಗೇ ಗೊತ್ತಾಗುತ್ತದೆ.

ಅವನು ಡಬ್ಬಿಯನ್ನು ರಸ್ತೆಯ ಬದಿಗೆ ಒಯ್ದು ಗಾಳಿ ಹೊಡೆದ. ಆ ಓಣಿಯವರೆಲ್ಲ ಬೈದರು. ಒಳಗೆ ತಂದು ಪ್ರೊಸೆಸರಿಗೆ ಮುಲಾಮಿನಂಥದೇನೋ ಹಚ್ಚಿ, ಫ್ಯಾನು ಕೂರಿಸಿ, ಗುಂಡಿ ಒತ್ತಿ, “ಒಂದಿಷ್ಟು ಟೈಪ್ ಮಾಡಿ ನೋಡವಾ,” ಎಂದ.

ರತ್ನಾ ಕುಳಿತಳು. ಅವಳ ಬೆರಳು ಹಾಗೆ ಓಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಎಲ್ಲೂ ನಿಲ್ಲಲಿಲ್ಲ. ಅಕ್ಷರಗಳು ಬೆರಳಿನ ಹಿಂದೆಯೇ ಬರುತ್ತಿದ್ದವು. ಸಲೀಮನೂ ಚಹಾದ ಗ್ಲಾಸು ಹಿಡಿದುಕೊಂಡು ನೋಡುತ್ತ ನಿಂತ. ಇಷ್ಟು ದಿನ ನಾನು ನಡುಮನೆಯಿಂದ ನೋಡುತ್ತಿದ್ದ ಆ ನಿಂತ ಕೈಗಳು ನಿಧಾನದ ಕೈಗಳಲ್ಲ, ಕಾಯುತ್ತಿದ್ದ ಕೈಗಳು.

ಬಿಸ್ಕೀಟನ್ನು ಅವನಿಗೇ ಬಿಟ್ಟು ಹೊರಟೆವು. ಬಸ್ಸು ಊರು ದಾಟಿದ ಮೇಲೆ ಕೇಳಿದೆ.

“ಯಾಕ ಸುಳ್ಳ ಹೇಳಿದಿ?”

“ಯಾವಾಗ್ರಿ?”

“ಸಾಕ ಬಿಡು ನಾಟಕ. ಕೌದಿ ಹೊಚ್ಚಿದಾಕಿ ನಾನು. ನೀ ಬ್ಯಾಡ ಅಂದಾಕಿ.”

ಅವಳು ಕಿಟಕಿಯ ಹೊರಗೆ ನೋಡುತ್ತ, “ಹೊರಗಿನವರ ಮುಂದ ಮನೀ ಹಿರ್‍ಯಾರನ್ನ ಕೀಳು ಮಾಡೂದು ಬರೂದಿಲ್ರಿ ನನಗ,” ಎಂದಳು.

ಚುಚ್ಚಲು ಹೇಳಿದಳೋ, ಸಹಜವಾಗಿ ಹೇಳಿದಳೋ, ಇವತ್ತಿಗೂ ಗೊತ್ತಿಲ್ಲ. ಕೇಳಿಯೂ ಇಲ್ಲ. ನನಗೆ ಅವಳ ಮೇಲೆ ಪ್ರೀತಿ ಉಕ್ಕಿತು ಎಂದೆಲ್ಲ ಬರೆಯುವುದಿಲ್ಲ. ಸಿಟ್ಟು ಬಂತು. ನನ್ನ ತಪ್ಪನ್ನು ನನ್ನ ಕೈಯಿಂದ ಕಸಿದುಕೊಂಡು ತನ್ನದು ಮಾಡಿಕೊಳ್ಳಲು ಇವಳು ಯಾರು? ಸಿಟ್ಟಿನ ಕೆಳಗೆ ನೋಡಿದರೆ ಇನ್ನೊಂದಿತ್ತು. ಹೊರಗಿನ ಮೂವರ ಮುಂದೆ ನಾನು ರೊಟ್ಟಿಯ ಮಾತು ಆಡಿದ್ದೆ. ನಗಿಸಿದ್ದೆ.

ಮರುದಿನ ಬೆಳಿಗ್ಗೆ ಕೆಲಸದ ಹೆಂಗಸರು ಬಂದ ಕೂಡಲೇ ಮೆಣಸಿನಕಾಯಿಯನ್ನೆಲ್ಲ ಹಿತ್ತಲಿಗೆ ಸಾಗಿಸಿರಿ ಎಂದು ಹೇಳಿ ರಾಣೇಬೆನ್ನೂರಿನ ಬಸ್ಸು ಹತ್ತಿದೆ. ಶಾಲೆ ಮುಟ್ಟಿದಾಗ ಪ್ರಾರ್ಥನೆ ಮುಗಿದಿತ್ತು. ದೊಡ್ಡ ಅಕ್ಕೋರು ತಮ್ಮ ಕೋಣೆಯಲ್ಲಿದ್ದರು.

“ಅಕ್ಕೋರ, ನಮ್ಮ ರತ್ನಾನ ಕೈ ನಿಧಾನ ಇಲ್ರಿ. ಮಷೀನಿಗೆ ಕೌದಿ ಹೊಚ್ಚಿ ಉಸಿರು ಕಟ್ಟಿಸಿದಾಕಿ ನಾನು. ಆಕಿ ಬ್ಯಾಡಂದ್ರೂ ಕೇಳ್ಲಿಲ್ಲ. ನಿಮ್ಮ ಮುಂದ ಆಕಿ ರೊಟ್ಟಿ ಬಗ್ಗೆ ಹೇಳಿದ್ನಲ್ಲ, ಅದೂ ಸುಳ್ಳು.”

ಅವರು ಪೆನ್ನು ಕೆಳಗಿಟ್ಟರು. “ಇಷ್ಟು ಹೇಳಾಕ ಬ್ಯಾಡಗಿಯಿಂದ ಬಂದ್ರೇನು? ಫೋನ್ ಮಾಡಿದ್ರ ಆಗ್ತಿತ್ತಲ್ರಿ.”

“ಫೋನ್‌ನ್ಯಾಗ ಹೇಳಿದ್ರ ನನ್ನ ಮಾರಿ ನಿಮಗೆಲ್ಲಿ ಕಾಣ್ತಿತ್ರಿ?”

ಅಕ್ಕೋರು ಸಣ್ಣಗೆ ನಕ್ಕು, “ಆತು, ಏಳನೇ ಇಯತ್ತೇದ ಪೇಪರ್ ಕೊಟ್ಟು ನೋಡ್ತೀನಿ. ಆಕೀಗೆ ಬರಾಕ ಹೇಳ್ರಿ,” ಎಂದರು.

“ಕೆಲಸದ ಮಾತು ನೀವೂ ಆಕೀನೂ ಮಾತಾಡ್ಕೋರಿ. ನಾ ಬಂದದ್ದು ಅದಕ್ಕಲ್ರಿ. ಅವತ್ತು ನಿಮ್ಮ ಜೋಡಿ ಇಬ್ಬರು ಬಂದಿದ್ರಲ್ಲ, ಅವರೂ ನಕ್ಕಿದ್ರು. ಅವರನ್ನೂ ಕರೀರಿ.”

“ಅವರು ಪಾಠ ಮಾಡಾಕತ್ತಾರ್‍ರಿ.”

“ಮಾಡ್ಲಿ. ಕುಂದರ್‍ತೀನಿ.”

ಹೊರಗಿನ ಬೆಂಚಿನ ಮೇಲೆ ಕುಳಿತೆ. ಗಂಟೆ ಹೊಡೆಯಿತು. ಇಬ್ಬರೂ ಸುಣ್ಣದ ಕಡ್ಡಿ ಹಿಡಿದ ಕೈಯಲ್ಲೇ ಬಂದು, ಇವಳೇನು ಇಲ್ಲಿ ಎಂಬಂತೆ ನಿಂತರು. ನಾನು ಎದ್ದು ನಿಂತು, ಮತ್ತೆ ಮೊದಲಿನಿಂದ ಹೇಳಿದೆ.