ಗಿಳಿಯ ಬಾಲ ಉಳಿಸುವ ಲೇಸರ್

ಹಚ್ಚೆ ಅಳಿಸುವ ಲೇಸರ್‌ಗಳ ಬಗ್ಗೆ ನಾನೀಗ ಯಾರಿಗೆ ಬೇಕಾದರೂ ಉಪನ್ಯಾಸ ಕೊಡಬಲ್ಲೆ. ನನ್ನ ಮೈಮೇಲೆ ಒಂದು ಚುಕ್ಕಿಯೂ ಇಲ್ಲವೆಂಬುದು ಇದಕ್ಕೆ ಅಡ್ಡಿಯಲ್ಲ. ಕಂಡ ಅನ್ಯಾಯವನ್ನು ಕಂಡಲ್ಲೇ ಹೇಳಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಮದುವೆಯೂಟದಲ್ಲೂ ಯಾರು ಬಡಿಸುತ್ತಿದ್ದಾರೆ, ಯಾರು ಕೊನೆಯ ಪಂಕ್ತಿಗೆ ಕಾಯುತ್ತಿದ್ದಾರೆ ಎಂದು ನೋಡಿದ ಮೇಲೆಯೇ ತುತ್ತೆತ್ತುತ್ತೇನೆ. ಹೀಗಾಗಿ ನನ್ನನ್ನು ಊಟಕ್ಕೆ ಕರೆಯುವವರು ಕಡಿಮೆ.

ಈ ಸಲದ ಅನ್ಯಾಯ ನನ್ನ ಅವ್ವನ ತಂಗಿ, ಚಿಗವ್ವನ ಮುಂಗೈ ಮೇಲಿತ್ತು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು, ಆದರೆ ಕೈಮೇಲೆ ಹೊತ್ತು ತಿರುಗಬೇಕು; ಎಂಥ ವ್ಯವಸ್ಥೆ ನೋಡಿ. ಬೆಳಗಾವಿ ಕಡೆಯ ಹಳ್ಳಿಯಲ್ಲಿದ್ದಾಗ ಒಂದು ಗಿಳಿಯ ಹಚ್ಚೆಯ ಕೆಳಗೆ ಚುಚ್ಚಿಸಿಕೊಂಡ ಆ ಹೆಸರಿನ ಒಡೆಯ ಇನ್ನೊಂದು ಸಂಸಾರ ಹೂಡಿ ಎಷ್ಟೋ ಕಾಲವಾಯಿತು. ಅವನ ಕೈಮೇಲೆ ಯಾರ ಹೆಸರೂ ಇರಲಿಲ್ಲ. ಮರಾಠಿ ಸೀಮೆಯ ಚಿಂಚವಾಡಕ್ಕೆ ಬಂದು ರವಿಕೆ ಹೊಲಿದು ಬದುಕು ಕಟ್ಟಿಕೊಂಡ ಚಿಗವ್ವ ಹೆಸರು ತೆಗೆಸುತ್ತೇನೆ ಎಂದಾಗ ನಾನು ಅದನ್ನು ಚಳವಳಿಯೆಂದೇ ತಿಳಿದೆ. ಅವಳ ಕಾರಣವೇ ಬೇರೆ.

"ಸತ್ತಾಗ ಮೈಮ್ಯಾಲಿನ ಬಂಗಾರ ಬಿಚ್ಕೊಂತಾರ ಯವ್ವಾ, ಹಚ್ಚಿ ಒಂದ ನನ್ನ ಕೂಡ ಬರೂದು. ಅಲ್ಲಿಗೂ ಇವನ್ನ ಹೊತ್ಕೊಂಡು ಹೋಗ್ಲ್ಯಾ? ಗಿಣಿ ಬರ್ಲಿ, ಸಾಕು."

ಮೂಢನಂಬಿಕೆಯ ವಿರುದ್ಧ ನನ್ನ ಭಾಷಣ ಸಿದ್ಧವೇ ಇತ್ತು. ಆದರೆ ನಾನು ಇಷ್ಟೊಂದು ಓದಿ ತಲುಪಿದ ತೀರ್ಮಾನಕ್ಕೆ ಅವಳು ಆ ನಂಬಿಕೆಯ ಕೈ ಹಿಡಿದೇ ಬಂದಿದ್ದಳು. ಭಾಷಣ ಬಿಟ್ಟು ಲೇಸರ್ ಹುಡುಕಿದೆ.

ಲೇಸರ್‌ಗಳಲ್ಲಿ ಹಳೆಯದು ನ್ಯಾನೊ, ಹೊಸದು ಪಿಕೊ. ಎರಡೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಬೆಳಕಿನಿಂದ ಬಡಿದು ಮಸಿಯನ್ನು ಪುಡಿಮಾಡುತ್ತವೆ. ಪುಡಿಯನ್ನು ಹೊತ್ತು ಸಾಗಿಸುವ ಕೂಲಿ ನಮ್ಮ ಮೈಯದು. ಪಿಕೊ ಇನ್ನೂ ನುಣ್ಣಗೆ ಪುಡಿಮಾಡುತ್ತದೆ, ಹಟಮಾರಿ ಹಸಿರು-ನೀಲಿಗಳಿಗೆ ಒಳ್ಳೆಯದು, ದುಬಾರಿ. ಚಿಗವ್ವನ ಹಚ್ಚೆಯಂಥ ಹಳೆಯ ಕಾಡಿಗೆಯ ಕಪ್ಪಿಗೆ ನ್ಯಾನೊ ಸಾಕು. ಕಂದು ಚರ್ಮಕ್ಕೆ ಹೊಂದುವ ಬೆಳಕನ್ನು ಆರಿಸದಿದ್ದರೆ ಮಾತ್ರ ಬಿಳಿ ಕಲೆ ಉಳಿದೀತು.

ಶಿವಾಜಿನಗರದ ಮೊದಲ ಕ್ಲಿನಿಕ್ಕಿನಲ್ಲಿ ಪಿಕೊ ಇತ್ತು. ಗಿಳಿಯನ್ನೂ ಸೇರಿಸಿ ಪೂರ್ತಿ ತೆಗೆದುಬಿಡೋಣ, ಕೈ ಬೆಳ್ಳಗೂ ಆಗುತ್ತದೆ ಎಂದರು. ವ್ಯಾಪಾರದ ಲೋಭ, ಬಿಳಿಬಣ್ಣದ ವ್ಯಾಮೋಹ, ಹೆಣ್ಣಿನ ಮೈಮೇಲೆ ಪರರ ತೀರ್ಪು ಎಂದು ನಾನು ಶುದ್ಧ ಮರಾಠಿಯಲ್ಲಿ ವಿವರಿಸುತ್ತಿದ್ದಂತೆ ಚಿಗವ್ವ ಆಗಲೇ ಚಪ್ಪಲಿ ಮೆಟ್ಟಿದ್ದಳು.

"ಗಿಣಿ ಕೊಂದಗಿಂದಾರು, ನಡಿ."

ಎರಡನೆಯ ಕಡೆ ನ್ಯಾನೊ. ಅಲ್ಲಿನ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿ, ಹೆಸರಿನ ಕೊನೆಯ ಅಕ್ಷರ ಗಿಳಿಯ ಬಾಲಕ್ಕೆ ತಗಲಿದೆ ಎಂದರು: ಅಕ್ಷರ ಪೂರ್ತಿ ಹೋಗಬೇಕೆಂದರೆ ಬಾಲವೂ ಮಾಸುತ್ತದೆ, ಬಾಲ ಬೇಕೆಂದರೆ ಅದರಡಿ ಅಕ್ಷರದ ತುಂಡು ಗೆರೆ ಉಳಿಯುತ್ತದೆ. ಒಂದು ಗೆರೆಯೂ ಉಳಿಯಕೂಡದು ಎಂದು ನಾನು ಘೋಷಿಸಿದೆ.

"ಕೈ ನಿಂದೋ ನಂದೋ?" ಎಂದಳು ಚಿಗವ್ವ. "ಅಷ್ಟು ಇರ್ಲಿ. ಗಿಣಿಗೆ ಕುಂದರಾಕ ಟೊಂಗಿ ಬೇಕಲ್ಲ."

ಕೆಲವು ಭೇಟಿಗಳಲ್ಲಿ ಹೆಸರು ಬಹುಪಾಲು ಮಾಸಿದೆ. ಉಳಿದ ಗೆರೆಯ ಮೇಲೆ ಗಿಳಿ ಆರಾಮಾಗಿ ಕೂತಿದೆ. ಎಲ್ಲವನ್ನೂ ಬುಡಸಮೇತ ಕಿತ್ತೊಗೆಯಬೇಕೆನ್ನುವ ನಾನು, ಆ ಟೊಂಗೆಯೊಂದನ್ನು ಮಾತ್ರ ಕಡಿಯಬೇಕೆನ್ನುವುದಿಲ್ಲ.