ಚುಕ್ಕಿಗಳ ಮೇಲಿನ ವಿಭೂತಿ

ತಂಗಿಯ ಬ್ರೈಲ್ ಯಂತ್ರ ಕೆಟ್ಟಿದೆ ಎಂದು ಫೋನ್ ಬಂದಾಗ ನನಗೆ ಖುಷಿಯಾಯಿತು. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಮುಚ್ಚಿಡುವ ಜಾಯಮಾನ ನನ್ನದಲ್ಲ.

ನಮ್ಮಿಬ್ಬರಿಗೂ ಹುಟ್ಟಿನಿಂದ ಕಣ್ಣಿಲ್ಲ. ನಾನು ಸವಣೂರಿನಲ್ಲಿ ಶಾಲೆಯ ಶಿಕ್ಷಕಿ. ಅವಳಿಗೆ ಹಿರೇಕೆರೂರಿನ ಬ್ಯಾಂಕೊಂದರಲ್ಲಿ ನೌಕರಿ, ಅವ್ವನ ಜೊತೆ ಚಿಕ್ಕೇರೂರಿನ ಮನೆಯಲ್ಲಿ ವಾಸ. ಅವಳ ಬೆರಳು ಹಿಡಿದು ಬ್ರೈಲ್ ತಿದ್ದಿಸಿದವಳು ನಾನು. ಕಂಪ್ಯೂಟರಿನ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಇಬ್ಬರ ಬಳಿಯೂ ಇತ್ತು. ಆದರೆ ಅದೇ ಸಾಲನ್ನು ಬೆರಳಿನ ಕೆಳಗೆ ಚುಕ್ಕಿಗಳಾಗಿ ಎಬ್ಬಿಸುವ ಯಂತ್ರವನ್ನು ಬ್ಯಾಂಕಿನವರು, ಮನೆಗೂ ಒಯ್ಯಬಹುದು ಎಂದು, ಅವಳಿಗೆ ಕೊಟ್ಟಿದ್ದರು. ಬೇಕಾಗಿದ್ದದ್ದು ನನಗೆ. ಈಚೆಗೆ ನನ್ನ ಕಿವಿ ಮಂದವಾಗುತ್ತಿತ್ತು. ತಂತ್ರಾಂಶದಿಂದ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದೆ. ಕಿವಿಯೂ ಹೋದರೆ ಓದುವುದು ಹೇಗೆ, ಪಾಠ ಮಾಡುವುದು ಹೇಗೆ? ಈ ಭಯವನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಅಕ್ಕಾ, ಸಾಲಿನ ಸುರು ಛಲೋ ಬರ್ತೈತಿ. ನಡುವ ಚುಕ್ಕಿ ಏಳವಲ್ಲವು," ಎಂದಳು.

"ವೈರ್ ತಗದು ಹಾಕಿಯೇನು?"

"ಹಾಕೇನಿ. ಕಂಪ್ಯೂಟರ್ ಬಂದ್ ಮಾಡಿ ಮತ್ತ ಸುರು ಮಾಡೇನಿ. ಸೆಟಿಂಗ್‌ನ್ಯಾಗ ಕನ್ನಡ ಬ್ರೈಲ್ ಅಂತನ ಐತಿ."

ಹಾಗಾದರೆ ದೋಷ ಕಂಪ್ಯೂಟರಿನದಲ್ಲ, ಯಂತ್ರದ್ದೇ. "ಮುಟ್ಟಬ್ಯಾಡ, ನಾನ ಬರ್ತೇನಿ," ಎಂದೆ. ಅವಳ ಮೇಲಿನ ಪ್ರೀತಿಯಿಂದಲ್ಲ, ಅದರ ಮೇಲೊಮ್ಮೆ ಕೈಯಾಡಿಸುವ ಆಸೆಯಿಂದ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿದೆ. ಎರಡನೇ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಅದಕ್ಕೂ ತಂಗಿಯನ್ನೇ ಬೈದುಕೊಂಡೆ.

ಮನೆಗೆ ಹೋದವಳೇ ಯಂತ್ರದ ಮೇಲೆ ಬೆರಳೆಳೆದೆ. ಎಡಗಡೆಯ ಚುಕ್ಕಿಗಳು ಚುರುಕಾಗಿ ಎದ್ದವು. ನಡುವೆ ಎಲ್ಲ ಸಪಾಟು, ಮೇಲೇನೋ ಗರಗರ. ಬೆರಳನ್ನು ಮೂಗಿಗೆ ಹಿಡಿದೆ. ವಿಭೂತಿ!

"ಅವ್ವಾ, ಇದಕ್ಕ ವಿಭೂತಿ ಹಚ್ಚೀಯೇನು?"

"ಮತ್ತ? ದಿನಾ ಪೂಜೆ ಆದಮ್ಯಾಲೆ ಹಚ್ತೇನಿ. ನನ್ನ ಮಗಳಿಗೆ ಓದಿಸೋ ಯಂತ್ರ ಅದು. ಹಣಿ ಎಲ್ಲೈತಿ ಅಂತ ನೋಡಿ, ನಟ್ಟನಡುವ ಮೂರು ಬಟ್ಟು ಎಳೀತೇನಿ."

ನೀರಲ್ಲಿ ನೆನೆಸಿದ ವಿಭೂತಿ ಒಣಗಿ, ಚುಕ್ಕಿ ಏಳುವ ತೂತುಗಳಲ್ಲಿ ಗಾರೆಯಂತೆ ಕೂತಿತ್ತು. ತಂಗಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪ್ ಎಷ್ಟು ಸಲ ಈ ಮನೆಗೆ ಬಂದು ಹೋಗಿದೆ; ಅವ್ವ ಅದಕ್ಕೆ ಒಂದು ಬಟ್ಟೂ ಎಳೆದವಳಲ್ಲ. ಯಂತ್ರವೂ ತಂಗಿಗೆ, ವಿಭೂತಿಯೂ ತಂಗಿಯ ಯಂತ್ರಕ್ಕೆ.

ಸ್ವಿಚ್ ಆರಿಸಿ, ಮೆತ್ತನೆಯ ಬ್ರಷ್ಷಿನಿಂದ ಪುಡಿ ಉದುರಿಸಿದೆ. ಬಟ್ಟೆಗೆ ಚೂರೇ ಚೂರು ಸ್ಪಿರಿಟ್ ತಾಗಿಸಿ ಒರೆಸುತ್ತಾ ಕೂತೆ. ಚೆನ್ನಾಗಿ ಒಣಗಿದ ಮೇಲೆ ಮತ್ತೆ ಚಾಲೂ ಮಾಡಿದರೆ, ಮೊಂಡು ಹಿಡಿದಿದ್ದ ಚುಕ್ಕಿಗಳು ಒಂದೊಂದಾಗಿ ಎದ್ದವು. ತಂಗಿ ತೆರೆದಿಟ್ಟಿದ್ದ ಯಾವುದೋ ಸುದ್ದಿ. ಓದತೊಡಗಿದೆ. ಕಿವಿ ನಿಗುರಿಸುವ ಕೆಲಸವಿಲ್ಲ, ಮತ್ತೆ ಹೇಳು ಎಂದು ಬೇಡಬೇಕಾಗಿಲ್ಲ. ಆ ಸುದ್ದಿ ಮುಗಿಯಿತು, ಇನ್ನೊಂದಕ್ಕೆ ಹೋದೆ.

"ಸಾಕಕ್ಕಾ, ಕೊಡಿಲ್ಲೆ," ಎಂದು ತಂಗಿ ಯಂತ್ರದ ಅಂಚು ಹಿಡಿದು ಎಳೆದಳು. ನಾನು ಬಿಡಲಿಲ್ಲ.

ಅಷ್ಟರಲ್ಲಿ ಅವ್ವ ಸಂಜೆಯ ಪೂಜೆ ಮುಗಿಸಿ ಬಂದಳು. "ಇನ್ನ ಯಂತ್ರಕ್ಕ ಹಚ್ಚೂ ಹಂಗಿಲ್ಲ. ನೆನಸಿದ ವಿಭೂತಿ ಕೈಯಾಗ ಐತಿ. ಎಲ್ಲಿ ಹಚ್ಚಲಿ?"

"ನನ್ನ ಕಿವಿಗೆ ಹಚ್ಚವ್ವಾ," ಎಂದೆ. "ಎರಡೂ ಕೇಳದಂಗ ಆಗಾಕತ್ತಾವು."

ಅವ್ವನ ಒದ್ದೆ ಬೆರಳು ನನ್ನ ಕಿವಿಯ ಮೇಲೆ ಬಂದು ಅಲ್ಲೇ ನಿಂತಿತು. ತಂಗಿಯ ಕೈ ಯಂತ್ರದ ಅಂಚನ್ನು ಬಿಟ್ಟಿತು. ಅವ್ವ ಮೆಲ್ಲಗೆ ಏನೋ ಅಂದಳು, ತಂಗಿ ಅದಕ್ಕೆ ಏನೋ ಉತ್ತರ ಕೊಟ್ಟಳು. ನನಗೆ ದನಿ ತಿಳಿಯಿತು, ಮಾತು ತಿಳಿಯಲಿಲ್ಲ. ಯಂತ್ರ ನನ್ನ ಮಡಿಲಲ್ಲೇ ಇತ್ತು. ಆದರೂ ಅವ್ವ ಅಂದದ್ದು ತಂಗಿಗೆ ಕೇಳಿಸಿತಲ್ಲ ಎಂದು ನನಗೆ ಮತ್ತೆ ಹೊಟ್ಟೆ ಉರಿಯಿತು.