ತೀರ್ಥ ಕುಡಿದ ಸರ್ವರ್

ಗೆದ್ದೆ ಕಣ್ರಪ್ಪಾ! ನಾಳೆ ಹಬ್ಬದ ರಜೆ, ಹಾಗಾಗಿ ಯಲಹಂಕದ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ಇವತ್ತೇ ಆಯುಧಪೂಜೆ. ಬಾಸ್ ಕೀಬೋರ್ಡು, ಪ್ರಿಂಟರುಗಳಿಗೆಲ್ಲ ಕುಂಕುಮವಿಟ್ಟು, ಕೊನೆಗೆ ನಮ್ಮೆಲ್ಲರ ಕೋಡ್ ಇರುವ ಸರ್ವರ್ ಮೇಲೆ ಭಕ್ತಿಯಿಂದ ಒಂದು ಉದ್ಧರಣೆ ತೀರ್ಥ ಸುರಿದರು. ಚಟ್ ಎಂದಿತು. ಸುಟ್ಟ ವಾಸನೆ ಬಂತು.

“ಅಯ್ಯೋ, ಎರಡು ವರ್ಷದ ಕೆಲ್ಸ ಹೋಯ್ತಲ್ಲಮ್ಮಾ! ನಾಲ್ಕು ಗಂಟೆಗೆ ಕಸ್ಟಮರ್‌ಗೆ ಏನ್ ತೋರಿಸ್ಲಿ?” ಎಂದು ಆರತಿ ತಟ್ಟೆ ಹಿಡಿದುಕೊಂಡೇ ಬೆವೆತರು.

“ಇದೇ ಕೋಡ್ ನಮ್ಮ ಜಕ್ಕೂರು ಆಫೀಸಲ್ಲೂ ಇದೆ, ಆರ್.ಟಿ. ನಗರದ ಆಫೀಸಲ್ಲೂ ಇದೆ ಸಾರ್. ಇಲ್ಲಿ ಏನೇ ಬದಲಾಯಿಸಿದ್ರೂ ಎರಡೂ ಕಡೆಗೆ ತಕ್ಷಣ ಹೋಗುತ್ತೆ” ಎಂದೆ.

ಆ ಗಾಬರಿಯಲ್ಲಿ ಅವರು ನಂಬಲಿಲ್ಲ. ಅವರೆದುರಿಗೇ ಜಕ್ಕೂರಿನ ಸರ್ವರ್‌ನಿಂದ ಕೋಡ್ ಇಳಿಸಿಕೊಂಡೆ. ಪೂಜೆಗೆ ಎದ್ದು ಬರುವ ಮುಂಚೆ ನಾನು ಬರೆದಿದ್ದ ಕೊನೆಯ ಸಾಲೂ ಅದರಲ್ಲಿತ್ತು! ನಾಲ್ಕು ಗಂಟೆಯ ಡೆಮೊ ಸುಸೂತ್ರವಾಗಿ ಮುಗಿಯಿತು.

“ಒಂದೇ ಕೋಡಿಗೆ ಮೂರು ಸರ್ವರ್ ಯಾಕಮ್ಮಾ, ದಂಡ” ಎಂದು ಆರು ತಿಂಗಳು ನನ್ನ ತಲೆ ತಿಂದವರು ಇವರೇ. ಈಗ “ನಾಲ್ಕನೇದೂ ಹಾಕ್ಬಿಡಮ್ಮ” ಎನ್ನುತ್ತಿದ್ದಾರೆ.

ಖಂಡಿತ ಹಾಕುತ್ತೇನೆ. ಎಲ್ಲಿ ಎಂದು ಮಾತ್ರ ಅವರಿಗೆ ಹೇಳುವುದಿಲ್ಲ.